ಗಾಳಿ ಹೊಡೆಸಿದ ಫಿಲ್ಟರ್

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ. ಸುಗ್ಗಿಯ ದಿನಗಳಲ್ಲಿ ಈ ಐದರಲ್ಲಿ ಯಾವ ಊರಿನ ಹೊರವಲಯದ ಪಂಕ್ಚರ್ ಅಂಗಡಿಗೆ ಹೋದರೂ ಒಂದು ಕೆಲಸ ನಡೆದಿರುತ್ತದೆ. ಲಾರಿ ನಿಂತ ಕೂಡಲೇ ಕ್ಲೀನರ್ ಇಳಿದು ಏರ್ ಫಿಲ್ಟರಿನ ಡಬ್ಬಿ ಬಿಚ್ಚುತ್ತಾನೆ. ಒಳಗಿನ ಕಾಗದದ ಉರುಳೆಯನ್ನು ಹೊರಗೆಳೆದು ಟೈರಿಗೆ ನಾಲ್ಕು ಸಲ ಕುಟ್ಟುತ್ತಾನೆ. ಆಮೇಲೆ ಟ್ಯೂಬಿಗೆ ಗಾಳಿ ತುಂಬುವ ಅದೇ ಕಂಪ್ರೆಸರ್ ನಳಿಕೆಯನ್ನು ಅದರ ಮಡಿಕೆಗಳಿಗೆ ಹಿಡಿದು ಧೂಳೆಬ್ಬಿಸುತ್ತಾನೆ. "ನೋಡಣ್ಣ, ಹೊಸದರಂಗ ಆತು. ಇನ್ನೊಂದು ತಿಂಗ್ಳು ಓಡ್ತೈತಿ." ಚಹಾದ ದುಡ್ಡಿನಲ್ಲಿ ಮುಗಿದ ಕೆಲಸ. ಮಾಲೀಕನಿಗೂ ಸಮಾಧಾನ, ಡ್ರೈವರಿಗೂ ಸಮಾಧಾನ.

ಎಂಜಿನ್ ಒಂದಕ್ಕೆ ಮಾತ್ರ ಇದರಿಂದ ನಷ್ಟ. ಫಿಲ್ಟರ್ ಕೊಳೆಯಾಯಿತೆಂದು ಎಂಜಿನ್ ಕೆಟ್ಟಿತು ಎನ್ನುವವರು ಬಹಳ. ಕೊಳೆಯಾದ ಫಿಲ್ಟರ್ ಎಂಜಿನ್ನಿಗೆ ಸಿಗುವ ಗಾಳಿಯನ್ನು ಕಡಿಮೆ ಮಾಡುತ್ತದೆ, ಶಕ್ತಿ ಕುಗ್ಗಿಸುತ್ತದೆ, ಹೊಗೆ ಬರಿಸುತ್ತದೆ. ಅದು ತೊಂದರೆಯೇ ಹೌದು, ಆದರೆ ಫಿಲ್ಟರ್ ಬದಲಿಸಿದ ದಿನವೇ ಬಹುಮಟ್ಟಿಗೆ ತೀರುವ ತೊಂದರೆ. ಸವೆದ ಸಿಲಿಂಡರ್ ಲೈನರು, ಸವೆದ ಪಿಸ್ಟನ್ ರಿಂಗುಗಳು ಹಾಗಲ್ಲ, ಅವು ಮರಳಿ ಬರುವುದಿಲ್ಲ. ಅವನ್ನು ಸವೆಸುವುದು ಫಿಲ್ಟರಿನಲ್ಲಿ ಸಿಕ್ಕಿಕೊಂಡ ಧೂಳಲ್ಲ, ಫಿಲ್ಟರನ್ನು ತಪ್ಪಿಸಿಕೊಂಡು ಒಳಗೆ ಹೋದ ಧೂಳು. ಆ ಧೂಳಿಗೆ ದಾರಿ ಮಾಡಿಕೊಡುವುದರಲ್ಲಿ ನಮ್ಮ ಪಂಕ್ಚರ್ ಅಂಗಡಿಯ ಗಾಳಿಯ ಪಾಲು ದೊಡ್ಡದು. ಹಾಗಾಗಿ ಫಿಲ್ಟರ್ ಯಾವಾಗ ಬದಲಿಸಬೇಕು ಎಂದು ಕೇಳುವಾಗ, ಯಾವಾಗ ಅದನ್ನು ಮುಟ್ಟಬಾರದು ಎಂದೂ ಜೊತೆಗೇ ಕೇಳಿಕೊಳ್ಳಬೇಕು.

ಮೊದಲು ನಮ್ಮ ಧೂಳಿನ ವಿಚಾರ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಈ ಐದು ತಾಲ್ಲೂಕುಗಳೇ. ಮಳೆ ಕಡಿಮೆ, ಗಾಳಿ ಜಾಸ್ತಿ. ಗಾಳಿ ಎಷ್ಟಿದೆ ಎಂಬುದಕ್ಕೆ ಹರಪನಹಳ್ಳಿ, ಹಡಗಲಿ ಕಡೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ. ಕೂಡ್ಲಿಗಿಯ ಸುತ್ತ ಕೆಂಪು ಮಸಾರಿ ನೆಲ. ಹಡಗಲಿ, ಹರಪನಹಳ್ಳಿಯ ಕಡೆ ಎರೆ ಹೊಲಗಳೂ ಉಂಟು. ಬೇಸಿಗೆಯಲ್ಲಿ ಎರೆಯ ಹುಡಿ ಹಿಟ್ಟಿನಷ್ಟು ನುಣುಪಾಗಿ ಏಳುತ್ತದೆ. ಮಸಾರಿ ಹುಡಿ ಅದಕ್ಕಿಂತ ತರಿತರಿ. ಎಂಜಿನ್ನಿಗೆ ಹೆಚ್ಚು ಕೆಡುಕು ಮಾಡುವುದು ಈ ಮಸಾರಿಯೇ. ಕೂಡ್ಲಿಗಿ, ಗುಡೇಕೋಟೆ ಕಡೆಯ ಕಲ್ಲುಬೆಟ್ಟಗಳು ಸವೆದು ಉದುರಿದ ಮಣ್ಣಿನಲ್ಲಿ ಬೆಣಚುಕಲ್ಲಿನ ಪುಡಿ ಇದೆ. ಬೆಣಚುಕಲ್ಲು ಗಾಜನ್ನು ಗೀರುತ್ತದೆ, ಉಕ್ಕಿನ ಚಾಕುವನ್ನೂ ಗೀರುತ್ತದೆ. ಎಂಜಿನ್ನಿನ ಎರಕದ ಲೈನರು ಅದರ ಮುಂದೆ ಮೆತ್ತಗಿನ ಲೋಹ.

ಇದರ ಮೇಲೆ ಸಂಡೂರಿನ ಕಬ್ಬಿಣದ ಅದಿರು. ಹೊಸಪೇಟೆಯಿಂದ ಕೂಡ್ಲಿಗಿಯ ಮೇಲೆ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50, ಹಳೆಯ ಡ್ರೈವರುಗಳ ಬಾಯಲ್ಲಿ ಇನ್ನೂ 13. ಗಣಿಯ ಭರಾಟೆಯ ವರ್ಷಗಳಲ್ಲಿ ಅದರ ಬದಿಯ ಜಾಲಿಗಿಡಗಳೂ ಕೆಂಪಾಗಿದ್ದನ್ನು ಕಂಡವರು ಮರೆತಿರಲಾರರು. ಇಂದು ಅಷ್ಟಿಲ್ಲ. ಆದರೂ ಟಿಪ್ಪರ್ ಕೆಲಸ ನಿಂತಿಲ್ಲ, ಜಲ್ಲಿ ಕ್ರಷರುಗಳಿವೆ, ತುಂಗಭದ್ರೆಯ ದಂಡೆಯ ಮರಳಿದೆ. ಸುಗ್ಗಿಯಲ್ಲಿ ಮೆಕ್ಕೆಜೋಳ, ಶೇಂಗಾ ರಸ್ತೆಗೇ ಬರುತ್ತವೆ. ಡಾಂಬರು ರಸ್ತೆಯೇ ಕಣವಾದಾಗ ಹೊಟ್ಟು, ರವದಿ, ಧೂಳು ಎಲ್ಲವೂ ಲಾರಿ ಉಸಿರಾಡುವ ಎತ್ತರಕ್ಕೇ ಏಳುತ್ತವೆ. ದುಗ್ಗಾವತಿ, ಬೀರಬ್ಬಿಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೊರುವ ಗಾಡಿಗಳದ್ದು ಹೊಲದ ಬಂಡಿದಾರಿ. ಮೈಲಾರದ ಜಾತ್ರೆಯ ಕಾರಣಿಕದ ಹೊತ್ತಿಗೆ ಹಡಗಲಿ ದಾರಿಯ ಧೂಳನ್ನು ಕಂಡವರಿಗಂತೂ ಹೆಚ್ಚು ಹೇಳುವುದು ಬೇಡ.

ಇನ್ನು ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆ ಎಂದು ನೋಡಿ. ಡೀಸೆಲ್ಲಿನ ಲೆಕ್ಕವನ್ನು ಎಲ್ಲರೂ ಇಡುತ್ತಾರೆ, ಗಾಳಿ ಪುಕ್ಕಟೆಯಾದ್ದರಿಂದ ಅದರ ಲೆಕ್ಕ ಯಾರಿಗೂ ಬೇಡ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಡೀಸೆಲ್ ಎಂಜಿನ್ ಯಾವಾಗಲೂ ಅದಕ್ಕಿಂತ ಹೆಚ್ಚೇ ಎಳೆದುಕೊಳ್ಳುತ್ತದೆ. ಲೀಟರಿನ ಲೆಕ್ಕಕ್ಕೆ ತಂದರೆ, ನಮ್ಮ ಬಿಸಿಲಿನ ತೆಳು ಗಾಳಿಯಲ್ಲಿ ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 15 ಸಾವಿರ ಲೀಟರ್ ಗಾಳಿ ಎಂದಿಟ್ಟುಕೊಳ್ಳಬಹುದು, ಅಂದರೆ 15 ಘನ ಮೀಟರ್. ಇನ್ನೂರು ಲೀಟರ್ ಟ್ಯಾಂಕು ಖಾಲಿಯಾಗುವಷ್ಟರಲ್ಲಿ 30 ಲಕ್ಷ ಲೀಟರ್ ಗಾಳಿ ಆ ಒಂದು ಡಬ್ಬಿಯ ಮೂಲಕ ಹಾದಿರುತ್ತದೆ.

ಆ ಗಾಳಿಯಲ್ಲಿ ಧೂಳೆಷ್ಟು? ಫಿಲ್ಟರ್ ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಒಂದು ಘನ ಮೀಟರ್ ಗಾಳಿಗೆ ಒಂದು ಗ್ರಾಂ ಧೂಳು ಬೆರೆಸುತ್ತಾರೆ. ಹೆಚ್ಚುಕಡಿಮೆ ಎದುರಿನದು ಕಾಣದಷ್ಟು ಧೂಳು ಅದು. ಮಣ್ಣುರಸ್ತೆಯಲ್ಲಿ ಮುಂದಿನ ಟಿಪ್ಪರಿನ ಬಾಲಕ್ಕೆ ಅಂಟಿಕೊಂಡು ಹೋಗುವ ಲಾರಿ ಕೆಲವು ಕ್ಷಣ ಅಂಥ ಧೂಳಿನಲ್ಲೇ ಇರುತ್ತದೆ. ಆ ಸ್ಥಿತಿಯಲ್ಲಿ ಒಂದು ಲೀಟರ್ ಡೀಸೆಲ್ ಉರಿದರೆ ಫಿಲ್ಟರಿಗೆ 15 ಗ್ರಾಂ ಧೂಳು ಬಂದು ಬಡಿಯುತ್ತದೆ. ಒಳ್ಳೆಯ ಫಿಲ್ಟರ್ ನೂರಕ್ಕೆ 99.9 ಪಾಲು ಹಿಡಿಯುತ್ತದೆ. ಒಳಗೆ ಹೋಗುವುದು 15 ಮಿಲಿಗ್ರಾಂ. ಅದೇ ಫಿಲ್ಟರ್ ಎಲ್ಲೋ ಸ್ವಲ್ಪ ಸೋರಿ 99 ಪಾಲು ಮಾತ್ರ ಹಿಡಿಯಿತು ಎನ್ನಿ. ಕೇಳಲು ಅದೂ ಪರವಾಗಿಲ್ಲ ಅನಿಸುತ್ತದೆ. ಆದರೆ ಒಳಗೆ ಹೋಗುವುದು 150 ಮಿಲಿಗ್ರಾಂ, ಹತ್ತು ಪಟ್ಟು. ಎಂಜಿನ್ನಿನ ಆಯುಷ್ಯ ನಿಂತಿರುವುದು ಈ ಒಂದು ಪಾಲಿನೊಳಗಿನ ವ್ಯತ್ಯಾಸದ ಮೇಲೆ.

ಒಳಗೆ ಹೋದ ಧೂಳಿನಲ್ಲಿ ತೀರ ಸಣ್ಣ ಕಣಗಳು ಹೊಗೆಯ ಜೊತೆ ಹೊರಗೆ ಹೋಗುತ್ತವೆ. ಐದರಿಂದ ಇಪ್ಪತ್ತು ಮೈಕ್ರಾನಿನ ಕಣಗಳೇ ಕಂಟಕ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಇವು ಎಷ್ಟು ಸಣ್ಣವು ಎಂದು ಊಹಿಸಬಹುದು. ರಿಂಗು ಮತ್ತು ಲೈನರಿನ ನಡುವಿನ ಎಣ್ಣೆಪೊರೆಯ ದಪ್ಪಕ್ಕೆ ಇವು ಸರಿಯಾಗಿ ಅಡ್ಡ ಬರುತ್ತವೆ. ಪಿಸ್ಟನ್ ಒಂದೊಂದು ಸಲ ಮೇಲೆ ಕೆಳಗೆ ಹೋದಾಗಲೂ ಗೀರು. ಮೊದಲು ಸವೆಯುವುದು ಮೇಲಿನ ರಿಂಗು. ಆಮೇಲೆ ಕಂಪ್ರೆಷನ್ ಸೋರುತ್ತದೆ, ಎಂಜಿನ್ ಆಯಿಲ್ ತಿನ್ನತೊಡಗುತ್ತದೆ, ಬ್ರೀದರ್ ಪೈಪಿನಲ್ಲಿ ಪುಸಪುಸನೆ ಹೊಗೆ ಬರುತ್ತದೆ. ಮೇಸ್ತ್ರಿ "ಬೋರ್ ಹೋಗೈತಿ" ಎಂದು ಹೇಳುವುದು ಈ ಹಂತದಲ್ಲಿ. ಅದಕ್ಕೆ ಬಹಳ ಮೊದಲೇ ಧೂಳು ಟರ್ಬೋದ ರೆಕ್ಕೆಯ ಅಂಚನ್ನು ಕೊರೆಯಲು ಶುರುಮಾಡಿರುತ್ತದೆ. ಲಾರಿಯ ಟರ್ಬೋ ನಿಮಿಷಕ್ಕೆ ಲಕ್ಷದ ಆಸುಪಾಸು ಸುತ್ತು ತಿರುಗುವ ಚಕ್ರ. ಆ ವೇಗದಲ್ಲಿ ಮರಳಿನ ಕಣವೂ ಉಳಿಯ ಕೆಲಸ ಮಾಡುತ್ತದೆ.

ಈಗ ಬಣ್ಣದ ಮಾತಿಗೆ ಬರೋಣ. ಫಿಲ್ಟರ್ ಬಿಚ್ಚಿ ನೋಡಿದವರೆಲ್ಲ ಅದರ ಬಣ್ಣ ಕಂಡು ಗಾಬರಿಯಾಗುತ್ತಾರೆ. ಅದಿರಿನ ಧೂಳಾದರಂತೂ ಎರಡೇ ದಿನದಲ್ಲಿ ಕುಂಕುಮ ಸುರಿದಂತಾಗಿರುತ್ತದೆ. ಫಿಲ್ಟರೆಂದರೆ ಜರಡಿ, ತೂತು ಮುಚ್ಚಿದರೆ ಕೆಲಸ ಕೆಟ್ಟಿತು ಎಂಬುದು ನಮ್ಮ ಎಣಿಕೆ. ಏರ್ ಫಿಲ್ಟರಿನ ಕಾಗದ ಜರಡಿಯಂತೆ ಕೆಲಸ ಮಾಡುವುದಿಲ್ಲ. ಅದು ಎಳೆಗಳ ಒಂದು ಗೊಂಚಲು. ಗಾಳಿ ಅದರೊಳಗೆ ಸುತ್ತಿ ಬಳಸಿ ಹೋಗುತ್ತದೆ, ಭಾರದ ಕಣ ತಿರುಗಲಾರದೆ ಎಳೆಗೆ ಹೋಗಿ ಬಡಿದು ಅಂಟುತ್ತದೆ. ಅಂಟಿದ ಕಣಗಳು ಮುಂದೆ ಬರುವ ಕಣಗಳನ್ನು ತಾವೇ ಹಿಡಿಯತೊಡಗುತ್ತವೆ. ಕಾಗದದ ಮೇಲೆ ಕೂತ ಧೂಳಿನ ತೆಳುಪದರವೇ ಎರಡನೆಯ ಫಿಲ್ಟರ್ ಆಗುತ್ತದೆ. ಆದ್ದರಿಂದ ಫಿಲ್ಟರ್ ಅತಿ ಕಡಿಮೆ ಧೂಳು ಹಿಡಿಯುವುದು ಹೊಚ್ಚ ಹೊಸದಾಗಿದ್ದಾಗ. ಸ್ವಲ್ಪ ಕೊಳೆಯಾದ ಮೇಲೆ ಅದು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ವಾರಕ್ಕೊಮ್ಮೆ ಆ ಪದರವನ್ನು ಕೊಡವಿ ಹಾಕುವವನು ಫಿಲ್ಟರನ್ನು ವಾರಕ್ಕೊಮ್ಮೆ ಮೊದಲ ದಿನದ ಸ್ಥಿತಿಗೆ ದೂಡುತ್ತಿರುತ್ತಾನೆ.

ಇನ್ನೊಂದು ವಿಷಯ ಕಣ್ಣಿಗೆ ಕಾಣದು. ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ದೊಡ್ಡ ಲಾರಿಯ ಫಿಲ್ಟರ್ ಕಾಗದ ಒಂದು ಸಣ್ಣ ಕೋಣೆಯ ನೆಲ ಮುಚ್ಚುವಷ್ಟಾಗುತ್ತದೆ. ಆ ಹರವಿನಲ್ಲಿ ಧೂಳು ಕೂರಲು ಬಹಳ ಜಾಗ. ಹೀಗಾಗಿ ಫಿಲ್ಟರ್ ಅರ್ಧ ತುಂಬಿದರೂ ಗಾಳಿಗೆ ಆಗುವ ತಡೆ ಹೊಸದಕ್ಕಿಂತ ಅಷ್ಟೇನೂ ಹೆಚ್ಚಿರುವುದಿಲ್ಲ. ಬಹಳ ದಿನ ತಡೆ ನಿಧಾನಕ್ಕೆ ಏರುತ್ತ ಹೋಗಿ ಕೊನೆಗೆ ಒಮ್ಮೆಲೇ ಮೇಲೇಳುತ್ತದೆ. ನೋಡಿ ಹೇಳುತ್ತೇನೆ ಎನ್ನುವವನು ಇಲ್ಲಿ ಎರಡೂ ಕಡೆ ಸೋಲುತ್ತಾನೆ. ಚೆನ್ನಾಗಿ ಕೆಲಸ ಮಾಡುವ ಕಾಲದಲ್ಲಿ ಕೊಳೆಯೆಂದು ಬಿಸಾಡುತ್ತಾನೆ ಇಲ್ಲವೇ ಗಾಳಿ ಹೊಡೆಸುತ್ತಾನೆ. ನಿಜಕ್ಕೂ ಮುಗಿದಾಗ "ಮೊನ್ನೆ ಹಿಂಗೇ ಇತ್ತಲ್ಲ" ಎಂದು ಹಾಗೇ ಓಡಿಸುತ್ತಾನೆ.

ಹಾಗಾದರೆ ನಂಬಬೇಕಾದ್ದು ಯಾವುದನ್ನು? ತಡೆಯನ್ನು ಅಳೆಯುವ ಇಂಡಿಕೇಟರನ್ನು. ಫಿಲ್ಟರ್ ಡಬ್ಬಿಯಿಂದ ಎಂಜಿನ್ ಕಡೆಗೆ ಹೋಗುವ ಕೊಳವೆಯ ಮೇಲೆ, ಇಲ್ಲವೇ ಡಬ್ಬಿಯ ಮೈಮೇಲೆ, ಹೆಬ್ಬೆರಳಿನ ಗಾತ್ರದ ಪಾರದರ್ಶಕ ಪ್ಲಾಸ್ಟಿಕ್ ಗುಂಡಿಯೊಂದು ಬಹುಪಾಲು ಲಾರಿಗಳಲ್ಲಿ ಇರುತ್ತದೆ. ಫಿಲ್ಟರ್ ಕಟ್ಟುತ್ತ ಹೋದಂತೆ ಎಂಜಿನ್ ಹೆಚ್ಚು ಬಲದಿಂದ ಎಳೆಯಬೇಕಾಗುತ್ತದೆ, ಆ ಎಳೆತಕ್ಕೆ ಒಳಗಿನ ಬಣ್ಣದ ಪಟ್ಟಿ ಸರಿಯುತ್ತದೆ. ಕೆಂಪು ಪೂರ್ತಿ ಕಂಡರೆ ಬದಲಿಸುವ ಹೊತ್ತು. ಹೊಸ ಲಾರಿಗಳಲ್ಲಿ ಇದೇ ಕೆಲಸವನ್ನು ಸೆನ್ಸರ್ ಮಾಡಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಸುತ್ತದೆ.

ಈ ಕೆಂಪು ಸುಮ್ಮನೆ ಬರುವುದಲ್ಲ. ಟರ್ಬೋ ಇರುವ ಡೀಸೆಲ್ ಲಾರಿಗಳಲ್ಲಿ ಸಾಮಾನ್ಯವಾಗಿ ಅದನ್ನು 25 ಇಂಚು ನೀರಿನ ಎಳೆತಕ್ಕೆ ಹೊಂದಿಸಿರುತ್ತಾರೆ. ಒಂದು ನಳಿಕೆಯಲ್ಲಿ ನೀರನ್ನು 25 ಇಂಚು, ಅಂದರೆ 635 ಮಿಲಿಮೀಟರ್, ಮೇಲೆ ಎಳೆಯಲು ಬೇಕಾಗುವ ಬಲ ಅದು. ವಾತಾವರಣದ ಒತ್ತಡದಲ್ಲಿ ನೂರಕ್ಕೆ ಆರರಷ್ಟು. ಕೆಲವು ಎಂಜಿನ್ನುಗಳಿಗೆ ಇದಕ್ಕಿಂತ ಕಡಿಮೆ ಮಿತಿ. ನಿಮ್ಮ ಗಾಡಿಯದು ಎಷ್ಟು ಎಂಬುದು ಅದರ ಕೈಪಿಡಿಯಲ್ಲಿರುತ್ತದೆ. ಇಂಡಿಕೇಟರ್ ಕೊಳ್ಳುವಾಗ ಆ ಅಂಕಿಗೆ ಸರಿಹೊಂದುವುದನ್ನೇ ಕೇಳಬೇಕು, ಅಂಗಡಿಯಲ್ಲಿದ್ದ ಯಾವುದೋ ಒಂದು ಸಾಲದು.

ಅದನ್ನು ಓದುವುದರಲ್ಲೂ ಒಂದು ಎಚ್ಚರ ಬೇಕು. ಖಾಲಿ ಲಾರಿ ನಿಂತು ಗುಡುಗುಡು ಅನ್ನುತ್ತಿರುವಾಗ ಎಳೆತ ಕಡಿಮೆ, ಕೆಂಪು ಬರುವುದಿಲ್ಲ. ಅಷ್ಟಕ್ಕೇ ಫಿಲ್ಟರ್ ಚೆನ್ನಾಗಿದೆ ಎನ್ನಬಾರದು. ಲೋಡು ತುಂಬಿಕೊಂಡು ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಿನ ಎಳೆತವೇ ನಿಜವಾದದ್ದು. ಒಳ್ಳೆಯ ಇಂಡಿಕೇಟರ್ ಆ ಗರಿಷ್ಠ ಗುರುತನ್ನು ಎಂಜಿನ್ ನಿಲ್ಲಿಸಿದ ಮೇಲೂ ಹಿಡಿದಿಟ್ಟಿರುತ್ತದೆ. ಅನುಮಾನವಿದ್ದರೆ ತುದಿಯ ರಬ್ಬರ್ ಗುಂಡಿ ಒತ್ತಿ ಪಟ್ಟಿಯನ್ನು ಕೆಳಗಿಳಿಸಿ, ಲೋಡಿನ ಮೇಲೆ ಒಂದು ಏರು ಹತ್ತಿಸಿ ಮತ್ತೆ ನೋಡಿ. ಮಳೆಯಲ್ಲಿ ನೆನೆದು ಕಾಗದ ಒದ್ದೆಯಾದಾಗಲೂ ಕೆಲವೊಮ್ಮೆ ಕೆಂಪು ಬಂದು ಹೋಗುತ್ತದೆ. ಒಣಗಿದ ಮೇಲೆ ಮತ್ತೆ ಬರದಿದ್ದರೆ ಫಿಲ್ಟರ್ ಮುಗಿದಿಲ್ಲ.

ಇಂಡಿಕೇಟರೂ ಕೆಡುತ್ತದೆ. ವರ್ಷಗಟ್ಟಲೆ ಕೆಂಪೇ ಬರದ ಇಂಡಿಕೇಟರ್ ಕಂಡರೆ ಸಂತೋಷಪಡುವ ಬದಲು ಸಂಶಯಪಡಬೇಕು. ಬಿಚ್ಚಿ, ತಳದ ತೂತಿಗೆ ಶುಚಿಯಾದ ಸಣ್ಣ ರಬ್ಬರ್ ನಳಿಕೆ ಹಾಕಿ ಬಾಯಿಂದ ಎಳೆದರೆ ಪಟ್ಟಿ ಮೇಲೇರಬೇಕು. ಏರದಿದ್ದರೆ ಹೊಸದು ಹಾಕಿಸಿ. ಇನ್ನು, ಇಂಡಿಕೇಟರ್ ಸರಿಯಿದ್ದೂ ಧೂಳಿನ ಕೆಲಸದಲ್ಲಿ ಕೆಂಪು ಬರುತ್ತಿಲ್ಲ ಎಂದರೆ ಗಾಳಿ ಬೇರೆಲ್ಲಿಂದಲೋ ಒಳನುಗ್ಗುತ್ತಿರಬಹುದು. ಅದು ಕೆಂಪಿಗಿಂತ ಕೆಟ್ಟ ಸುದ್ದಿ.

ಕಿಲೋಮೀಟರಿನ ಲೆಕ್ಕಕ್ಕೆ ಬೆಲೆಯಿಲ್ಲವೇ ಎಂದು ಕೇಳಬಹುದು. ಕೈಪಿಡಿಯ ಅಂಕಿ ಮೇಲ್ಮಿತಿ. ಅದಕ್ಕಿಂತ ಹೆಚ್ಚು ಓಡಿಸಬೇಡಿ ಎಂದು ಹೇಳುತ್ತದೆ, ಅಲ್ಲಿಯವರೆಗೆ ಓಡುತ್ತದೆ ಎಂದು ಭರವಸೆ ಕೊಡುವುದಿಲ್ಲ. ಧೂಳಿನ ಪ್ರದೇಶದಲ್ಲಿ ಬೇಗ ಬದಲಿಸಿ ಎಂಬ ಸಾಲು ಅದೇ ಪುಟದಲ್ಲಿರುತ್ತದೆ. ಆ ಸಾಲು ಬರೆದಿರುವುದೇ ನಮ್ಮಂಥವರಿಗೆ. ಕೂಡ್ಲಿಗಿಯಿಂದ ಬೆಂಗಳೂರಿಗೆ ನಾಲ್ಕು ಪಥದ ಹೆದ್ದಾರಿಯಲ್ಲಿ ಈರುಳ್ಳಿ ಹೊರುವ ಲಾರಿಗೂ, ದಿನವಿಡೀ ಕ್ರಷರಿನಿಂದ ಗಾಳಿಯಂತ್ರದ ಗುಡ್ಡಕ್ಕೆ ಜಲ್ಲಿ ಹೊರುವ ಟಿಪ್ಪರಿಗೂ ಒಂದೇ ಅಂಕಿ ಹೊಂದುವುದಿಲ್ಲ. ಟಿಪ್ಪರ್ ದಿನಕ್ಕೆ ಓಡುವುದು ಕಡಿಮೆ ಕಿಲೋಮೀಟರು, ಉಸಿರಾಡುವುದು ಇಡೀ ದಿನ. ಅದಕ್ಕೆ ಗಂಟೆಯ ಲೆಕ್ಕವೇ ಸರಿ. ನನ್ನ ಮಟ್ಟಿಗೆ ಲೆಕ್ಕ ಹೀಗೆ: ಕೆಂಪು ಬಂದರೆ ಆಗಲೇ, ಬರದಿದ್ದರೆ ಕೈಪಿಡಿಯ ಮಿತಿಗೆ, ಎರಡೂ ಆಗದಿದ್ದರೂ ಕೈಪಿಡಿ ಹೇಳಿದ ತಿಂಗಳು ತುಂಬಿದಾಗ ಬದಲಿಸಬೇಕು. ಮೆಕ್ಕೆಜೋಳದ ಸುಗ್ಗಿ ಶುರುವಾಗುವ ಹೊತ್ತಿಗೆ ಪಟ್ಟಿ ಮುಕ್ಕಾಲು ಏರಿದ್ದರೆ ಗಾಡಿಯಲ್ಲಿ ಒಂದು ಹೊಸ ಫಿಲ್ಟರ್ ಇಟ್ಟುಕೊಳ್ಳುವುದು ಒಳ್ಳೆಯದು, ಕೊನೆಯ ಕಾಲು ಭಾಗ ಬೇಗ ಮುಗಿಯುತ್ತದೆ.

ತಿಂಗಳ ಲೆಕ್ಕ ಏಕೆಂದರೆ ನಿಂತ ಗಾಡಿಯ ಫಿಲ್ಟರೂ ಹಳತಾಗುತ್ತದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಅದಿರಿನ ಲಾರಿಗಳು ಸಾಲುಸಾಲಾಗಿ ನಿಂತುಬಿಟ್ಟವು. ಅಷ್ಟು ದಿನ ನಿಂತ ಗಾಡಿಯ ಕಾಗದ ತೇವ ಹಿಡಿಯುತ್ತದೆ, ಅಂಚಿನ ರಬ್ಬರ್ ಗಡುಸಾಗುತ್ತದೆ, ಇಲಿ ಬಂದು ಗೂಡು ಕಟ್ಟುವುದೂ ಉಂಟು. ಸುಗ್ಗಿಗೆ ಮಾತ್ರ ಹೊರತೆಗೆಯುವ ಗಾಡಿಗಳ ಮಾಲೀಕರು ಸ್ಟಾರ್ಟ್ ಮಾಡುವ ಮೊದಲೇ ಡಬ್ಬಿಯ ಒಳಗೆ ಒಮ್ಮೆ ನೋಡಬೇಕು. ಸುಮ್ಮನೆ ಬಿಚ್ಚಬೇಡಿ ಎಂದು ನಾನು ಮುಂದೆ ಹೇಳುವ ಮಾತಿಗೆ ಇದೊಂದು ವಿನಾಯಿತಿ.

ಈಗ ಕಂಪ್ರೆಸರ್. ಒಣಗಾಳಿಯಿಂದ ಸ್ವಚ್ಛ ಮಾಡಲು ಒಪ್ಪುವ ತಯಾರಕರೂ ಇದ್ದಾರೆ. ಆದರೆ ಅವರಲ್ಲಿ ಹಲವರು ಹಾಕುವ ಮಿತಿ 30 ಪಿಎಸ್‌ಐ ಆಸುಪಾಸು, ಅದೂ ಒಳಗಿನಿಂದ ಹೊರಕ್ಕೆ, ನಳಿಕೆಯನ್ನು ಕಾಗದದಿಂದ ದೂರ ಹಿಡಿದು. ಪಂಕ್ಚರ್ ಅಂಗಡಿಯ ಟ್ಯಾಂಕಿನಲ್ಲಿ ಇರುವುದು ಲಾರಿ ಟೈರು ತುಂಬುವ ಗಾಳಿ, ನೂರು ಪಿಎಸ್‌ಐ ದಾಟಿದ್ದು. ಅದನ್ನು ಕಾಗದಕ್ಕೆ ಆನಿಸಿ ಹೊಡೆದರೆ ಎಳೆಗಳು ಸರಿದು ಸೂಜಿಮೊನೆಗಿಂತ ಸಣ್ಣ ಕಿಂಡಿಗಳಾಗುತ್ತವೆ. ಕಣ್ಣಿಗೆ ಕಾಣದು, 20 ಮೈಕ್ರಾನಿನ ಕಣಕ್ಕೆ ಅದು ಹೆಬ್ಬಾಗಿಲು. ಹೊರಗಿನಿಂದ ಒಳಕ್ಕೆ ಹೊಡೆದರಂತೂ ಧೂಳನ್ನು ನಾವೇ ಕಾಗದದೊಳಗೆ ತುರುಕಿದ ಹಾಗೆ. ಟೈರಿಗೆ ಕುಟ್ಟುವುದರಿಂದ ಅಂಚಿನ ಬಿಲ್ಲೆ ಸೊಟ್ಟಗಾಗಿ ರಬ್ಬರ್ ಸರಿಯಾಗಿ ಕೂರುವುದಿಲ್ಲ. ಶಾಂಪೂ ಹಾಕಿ ತೊಳೆದು ಬಿಸಿಲಿಗೆ ಒಣಗಿಸುವ ಜಾಣರೂ ಇದ್ದಾರೆ. ತೊಳೆಯಲೆಂದೇ ಮಾಡದ ಕಾಗದಕ್ಕೆ ಅದು ಕೊನೆಯ ಸ್ನಾನ.

ಇನ್ನೂ ಒಂದು ಕಾರಣಕ್ಕೆ ಬಿಚ್ಚುವುದೇ ಅಪಾಯ. ಪ್ರತಿ ಸಲ ಬಿಚ್ಚಿದಾಗ ಡಬ್ಬಿಯ ಅಂಚಿನ ಧೂಳು ಒಂದಿಷ್ಟು ಶುಚಿಯಾದ ಕಡೆಗೆ ಉದುರುತ್ತದೆ. ರಸ್ತೆ ಬದಿಯಲ್ಲಿ, ಗಾಳಿ ಬೀಸುವಾಗ, ಪಕ್ಕದಲ್ಲೇ ಲಾರಿಗಳು ಹಾದುಹೋಗುವಾಗ ಬಿಚ್ಚಿದರೆ ಕೇಳುವುದೇ ಬೇಡ. ಸ್ಟಾರ್ಟ್ ಮಾಡಿದ ಮೊದಲ ಕ್ಷಣದಲ್ಲೇ ಆ ಧೂಳು ನೇರ ಟರ್ಬೋಗೆ, ಅಲ್ಲಿಂದ ಸಿಲಿಂಡರಿಗೆ.

ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ ಎರಡು ಫಿಲ್ಟರ್. ಹೊರಗಿನದು ದೊಡ್ಡದು, ಅದರ ಹೊಟ್ಟೆಯಲ್ಲಿ ತೆಳ್ಳನೆಯ ಇನ್ನೊಂದು. ಒಳಗಿನದನ್ನು ಸೇಫ್ಟಿ ಎನ್ನುತ್ತಾರೆ. ಹೊರಗಿನದು ಹರಿದರೆ ಎಂಜಿನ್ನನ್ನು ಕಾಯುವುದಕ್ಕೆ, ಹೊರಗಿನದನ್ನು ಬದಲಿಸುವಾಗ ಧೂಳು ಬೀಳದಂತೆ ಬಾಯಿ ಮುಚ್ಚಿರುವುದಕ್ಕೆ ಅದು ಇರುವುದು. ಅದಕ್ಕೆ ಗಾಳಿ ಹೊಡೆಯಲೇಬಾರದು, ಪದೇ ಪದೇ ಹೊರಗೆ ತೆಗೆಯಬಾರದು. ಹೊರಗಿನದನ್ನು ಮೂರು ಸಲ ಬದಲಿಸಿದಾಗ ಒಳಗಿನದನ್ನು ಒಮ್ಮೆ ಬದಲಿಸುವುದು ಸಾಮಾನ್ಯ ರೂಢಿ, ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯೇ ಸರಿ. ಹೊರಗಿನದನ್ನು ತೆಗೆದಾಗ ಒಳಗಿನದರ ಮೈಮೇಲೆ ಧೂಳು ಕಂಡಿತೋ, ಹೊರಗಿನದು ಸೋರಿದೆ ಎಂದು ಖಚಿತ. ಆಗ ಎರಡನ್ನೂ ಬದಲಿಸಿ. "ಪಿಕಪ್ ಇಲ್ಲ" ಎಂದು ಒಳಗಿನದನ್ನು ಕಿತ್ತೆಸೆದು ಓಡಿಸುವ ಗಾಡಿಗಳೂ ನಮ್ಮಲ್ಲಿವೆ. ಪಿಕಪ್ ಇಲ್ಲದಿರುವುದಕ್ಕೆ ಹೊರಗಿನ ಫಿಲ್ಟರ್, ಟರ್ಬೋ ಪೈಪು, ಡೀಸೆಲ್ ಫಿಲ್ಟರ್ ಹೀಗೆ ಹತ್ತು ಕಾರಣಗಳಿರಬಹುದು. ಹುಡುಕುವ ಕಷ್ಟ ಬೇಡವೆಂದು ಕಾವಲಿನವನನ್ನೇ ಕೆಲಸದಿಂದ ತೆಗೆಯುತ್ತೇವೆ.

ಫಿಲ್ಟರ್ ಎಷ್ಟೇ ಒಳ್ಳೆಯದಿರಲಿ, ಅದರ ಆಚೆಗಿನ ರಬ್ಬರ್ ಪೈಪು ಬಿರುಕು ಬಿಟ್ಟಿದ್ದರೆ ಎಲ್ಲವೂ ವ್ಯರ್ಥ. ಫಿಲ್ಟರಿನಿಂದ ಟರ್ಬೋವರೆಗಿನ ಕೊಳವೆಯಲ್ಲಿ ಎಳೆತವಿರುತ್ತದೆ, ಸಣ್ಣ ಸೀಳಿದ್ದರೂ ಸೋಸದ ಗಾಳಿ ಅಲ್ಲಿಂದ ನುಗ್ಗುತ್ತದೆ. ನಮ್ಮ ಬಿಸಿಲಿಗೆ ರಬ್ಬರ್ ಬೇಗ ಗಡುಸಾಗಿ ಮಡಿಕೆಯ ತಳದಲ್ಲಿ ಸೀಳುತ್ತದೆ. ಕ್ಲಾಂಪು ಸಡಿಲವಾದ ಜಾಗಕ್ಕೆ ಸುತ್ತಿದ ಟ್ಯೂಬಿನ ತುಂಡು, ಬಿಗಿದ ತಂತಿ, ಹಚ್ಚಿದ ಎಂಸೀಲ್ ನಮ್ಮ ಗಾಡಿಗಳಲ್ಲಿ ಸಾಮಾನ್ಯ. ಪರೀಕ್ಷೆ ಬಹಳ ಸುಲಭ. ಫಿಲ್ಟರ್ ಬದಲಿಸುವ ದಿನ ಆ ಪೈಪನ್ನು ಕಳಚಿ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಮಣ್ಣು ಹತ್ತಿದರೆ ಎಲ್ಲೋ ಸೋರಿಕೆಯಿದೆ. ಅಲ್ಲಿ ಕಾಣಬೇಕಾದ್ದು ಹೆಚ್ಚೆಂದರೆ ಎಣ್ಣೆಯ ತೆಳು ಜಿಡ್ಡು. ಮಣ್ಣಂತೂ ಕಾಣಲೇಬಾರದು.

ಡಬ್ಬಿಯ ತಳದಲ್ಲಿ ಬಾತುಕೋಳಿಯ ಕೊಕ್ಕಿನಂಥ ಒಂದು ರಬ್ಬರ್ ಬಾಯಿ ಇರುತ್ತದೆ. ದಪ್ಪ ಧೂಳು, ನೀರು ಅಲ್ಲಿ ಇಳಿದು ಆಗಾಗ ಹೊರಗೆ ಬೀಳುತ್ತವೆ. ಇದು ಕೆಸರಿಗೆ ಮುಚ್ಚಿಹೋದರೆ ಅಷ್ಟೂ ಧೂಳು ಕಾಗದದ ಮೇಲೇ ಬಂದು ಕೂರುತ್ತದೆ, ಫಿಲ್ಟರ್ ಬೇಗ ಮುಗಿಯುತ್ತದೆ. ಹರಿದು ಬಿದ್ದುಹೋದರೆ ಕೆಳಗಿನ ಧೂಳು ಅಲ್ಲಿಂದಲೇ ಮೇಲೇರುತ್ತದೆ. ದಿನಾ ಬೆಳಿಗ್ಗೆ ಟೈರು ಬಡಿದು ನೋಡುವ ಕ್ಲೀನರ್ ಇದನ್ನೂ ಎರಡು ಬೆರಳಿನಿಂದ ಹಿಸುಕಿದರೆ ಸಾಕು. ಫಿಲ್ಟರ್ ಬಿಚ್ಚಿ ಕುಟ್ಟುವುದಕ್ಕಿಂತ ಬಹಳ ಹೆಚ್ಚಿನ ಉಪಕಾರ ಅದು.

ಬದಲಿಸುವುದಾದರೆ ನೆರಳಿನಲ್ಲಿ, ಗಾಳಿಯಿಲ್ಲದ ಕಡೆ, ಎಂಜಿನ್ ನಿಲ್ಲಿಸಿ ಬದಲಿಸಿ. ಮುಚ್ಚಳ ಬಿಚ್ಚುವ ಮೊದಲು ಡಬ್ಬಿಯ ಹೊರಮೈ ಒರೆಸಿ. ಹಳೆಯದನ್ನು ಮೆಲ್ಲಗೆ ಹೊರಳಿಸಿ ತೆಗೆಯಿರಿ, ಡಬ್ಬಿಗೆ ತಾಗಿಸಿ ಧೂಳು ಉದುರಿಸಬೇಡಿ. ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಕಂಪ್ರೆಸರ್ ಬೇಡ. ರಬ್ಬರ್ ಕೂರುವ ಅಂಚು ಶುಚಿಯಾಗಿರಲಿ. ಹಳೆಯ ಫಿಲ್ಟರಿನ ರಬ್ಬರಿನ ಮೇಲೆ ಧೂಳು ಅಡ್ಡ ದಾಟಿದ ಗೆರೆ ಕಂಡರೆ ಅಲ್ಲೇ ಸೋರಿದೆ ಎಂದು ತಿಳಿಯಿರಿ. ಹೊಸದನ್ನು ಅಂಗಡಿಯಲ್ಲೇ ನೋಡಿ ಕೊಳ್ಳಿ. ರಬ್ಬರ್ ಮೆತ್ತಗಿರಬೇಕು, ಮಡಿಕೆಗಳು ಸಮನಾಗಿರಬೇಕು, ಅಂಟು ಬಿಟ್ಟಿರಬಾರದು. ಅಗ್ಗದ ನಕಲಿ ಫಿಲ್ಟರಿನಲ್ಲಿ ಹೊರಗಿನ ತಗಡು ಹೊಳೆಯುತ್ತದೆ, ಮಡಿಕೆ ಎಣಿಸಿದರೆ ಕಡಿಮೆ ಇರುತ್ತವೆ. ಬೇಗ ಕೆಂಪು ಬರುವುದು ಅದಕ್ಕೇ.

ಮೈಲೇಜಿನ ಬಗ್ಗೆ ಒಂದು ಮಾತು. ಫಿಲ್ಟರ್ ಕಟ್ಟಿದರೆ ಡೀಸೆಲ್ ವಿಪರೀತ ಕುಡಿಯುತ್ತದೆ ಎಂದು ಹೇಳಿ ಫಿಲ್ಟರ್ ಮಾರುವವರಿದ್ದಾರೆ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪೆಟ್ರೋಲ್ ಕಾರುಗಳ ಮೇಲೆ ಪರೀಕ್ಷೆ ಮಾಡಿ, ಕಂಪ್ಯೂಟರ್ ನಿಯಂತ್ರಣದ ಹೊಸ ಕಾರುಗಳಲ್ಲಿ ಕಟ್ಟಿದ ಫಿಲ್ಟರಿನಿಂದ ಮೈಲೇಜು ಗಮನಾರ್ಹವಾಗಿ ಇಳಿಯುವುದಿಲ್ಲ, ವೇಗ ಹಿಡಿಯುವ ಶಕ್ತಿ ಕುಗ್ಗುತ್ತದೆ ಎಂದು ಕಂಡುಕೊಂಡಿತು. ಅದನ್ನು ಲೋಡು ಹೊರುವ ಡೀಸೆಲ್ ಲಾರಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ. ಏರಿನಲ್ಲಿ ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿದು ಕಪ್ಪು ಹೊಗೆಯಾಗಿ ಹೋದರೆ ಅದು ನಷ್ಟವೇ. ಆದರೂ ಕೆಂಪು ಬರುವ ಮೊದಲೇ ಬದಲಿಸಿ ಡೀಸೆಲ್ ಉಳಿಸುತ್ತೇನೆ ಎಂಬ ಲೆಕ್ಕ ಫಲಿಸುವುದಿಲ್ಲ. ಕೆಂಪು ಬಂದ ಮೇಲೂ ಎಳೆದಾಡಿದರೆ ಟರ್ಬೋದ ಸೀಲಿನಿಂದ ಎಣ್ಣೆ ಗಾಳಿಕೊಳವೆಗೆ ಇಳಿಯಬಹುದು. 2020ರ ಏಪ್ರಿಲ್ 1ರಿಂದ ಮಾರಾಟವಾದ ಬಿಎಸ್-6 ಲಾರಿಗಳಲ್ಲಿ ಇನ್ನೊಂದು ತೊಂದರೆ ಸೇರುತ್ತದೆ. ಸರಿಯಾಗಿ ಉರಿಯದ ಮಸಿ ಸೈಲೆನ್ಸರಿನ ಮಸಿ ಫಿಲ್ಟರಿನಲ್ಲಿ ಬೇಗ ತುಂಬಿಕೊಂಡು ಗಾಡಿ ದಾರಿಯಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಆ ಫಿಲ್ಟರಿನ ಬೆಲೆಯ ಮುಂದೆ ಗಾಳಿಯ ಫಿಲ್ಟರ್ ಬೆಲೆ ಏನೂ ಅಲ್ಲ.

ಹಳೆಯ ಟ್ರ್ಯಾಕ್ಟರುಗಳವರು ಇದನ್ನೆಲ್ಲ ಓದಿ ನಕ್ಕಾರು. ಅವರದ್ದು ಆಯಿಲ್ ಬಾತ್, ಕಾಗದವೇ ಇಲ್ಲ. ಎಣ್ಣೆ ಗುರುತಿನವರೆಗೆ ಇದೆಯೇ, ತಳದಲ್ಲಿ ಕೆಸರು ಕೂತಿದೆಯೇ ಎಂದು ನೋಡಿ ಬದಲಿಸಿದರೆ ಮುಗಿಯಿತು. ಧೂಳು ಹಿಡಿಯುವುದರಲ್ಲಿ ಅದು ಕಾಗದದಷ್ಟು ಚುರುಕಲ್ಲ, ಬೇಗ ಕೆಡುವುದೂ ಇಲ್ಲ. ಅಂದಹಾಗೆ ಏರ್ ಫಿಲ್ಟರಿನ ಚರಿತ್ರೆಯಲ್ಲೂ ಹೊಲಕ್ಕೆ ಪಾಲಿದೆ. 1915ರಲ್ಲಿ ಅಮೆರಿಕದ ಫ್ರಾಂಕ್ ಡೊನಾಲ್ಡ್‌ಸನ್ ಎಂಬ ಟ್ರ್ಯಾಕ್ಟರ್ ಮಾರಾಟಗಾರ, ಒಣಪ್ರದೇಶದ ರೈತನೊಬ್ಬನ ಎಂಜಿನ್ ಧೂಳಿಗೆ ಪದೇ ಪದೇ ಕೆಡುವುದನ್ನು ಕಂಡು ಅದಕ್ಕೊಂದು ಗಾಳಿಸೋಸುಕ ಕಟ್ಟಿಕೊಟ್ಟ. ಅವನ ಹೆಸರಿನ ಕಂಪನಿ ಇಂದಿಗೂ ಅದನ್ನೇ ಮಾಡುತ್ತಿದೆ.

ಇಷ್ಟು ಗೊತ್ತಿದ್ದೂ ಗಾಳಿ ಹೊಡೆಸುವ ಚಾಳಿ ಏಕೆ ನಿಲ್ಲುವುದಿಲ್ಲ? ಅಜ್ಞಾನಕ್ಕಿಂತ ಹಣದ ಏರ್ಪಾಡೇ ಕಾರಣ ಎಂದು ನನಗನಿಸುತ್ತದೆ. ಫಿಲ್ಟರಿನ ಕೆಲವು ಸಾವಿರ ರೂಪಾಯಿ ಮಾಲೀಕನ ಜೇಬಿನಿಂದ ಇಂದೇ ಹೋಗಬೇಕು. ಎಂಜಿನ್ ಕೆಲಸದ ಲಕ್ಷ ಇನ್ನೆರಡು ವರ್ಷಕ್ಕೆ, ಅಷ್ಟರಲ್ಲಿ ಗಾಡಿ ಮಾರಿದರೂ ಮಾರಬಹುದು. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವ ಡ್ರೈವರಿಗೆ ಗಾಡಿ ನಿಂತರೆ ದುಡ್ಡಿಲ್ಲ, ಫಿಲ್ಟರ್ ಕೇಳಿದರೆ "ಮೊನ್ನೆ ಹಾಕ್ಸಿದ್ದೆನಲ್ಲೋ" ಎಂಬ ಮಾತು. ಅವನು ಗಾಳಿ ಹೊಡೆಸಿ ಸುಮ್ಮನಾಗುತ್ತಾನೆ. ಮಾಲೀಕರು ಇದಕ್ಕೊಂದು ದಾರಿ ಮಾಡಬಹುದು. ಡಬ್ಬಿಯ ಮೇಲೆ ಬದಲಿಸಿದ ತಾರೀಖು, ಕಿಲೋಮೀಟರು ಬರೆಸಿ, ಕೆಂಪು ಬಂದಾಗ ಫೋಟೋ ಕಳಿಸಿದರೆ ಪ್ರಶ್ನೆಯಿಲ್ಲದೆ ಹೊಸದು ಕೊಡಿಸುತ್ತೇನೆ ಎಂದು ಡ್ರೈವರಿಗೆ ಹೇಳಿಬಿಡಿ. ಅಲ್ಲಿಯವರೆಗೆ ಡಬ್ಬಿ ಮುಟ್ಟಬೇಡ ಎಂದೂ ಹೇಳಿ.

ನಿಮ್ಮ ಗಾಡಿಗೆ ಇಂಡಿಕೇಟರೇ ಇಲ್ಲದಿದ್ದರೆ, ಇದ್ದದ್ದು ಒಡೆದು ಅಲ್ಲೊಂದು ಬೋಲ್ಟು ಬಡಿದಿದ್ದರೆ, ಈ ಮೆಕ್ಕೆಜೋಳದ ಸುಗ್ಗಿಗೆ ಮೊದಲು ಒಂದು ಹಾಕಿಸಿ. ಒಂದು ಫಿಲ್ಟರಿನ ಬೆಲೆಗಿಂತ ಅದು ಬಹಳ ಕಡಿಮೆ.